ಕೊನೆಯ ಹದಿನಾಲ್ಕು ನಿಮಿಷ

ಮನೆ, ಅಡುಗೆಮನೆಯ ಮೇಜು
ಭಾನುವಾರ, ಅಕ್ಟೋಬರ್ ೧೯

ನನ್ನ ಮುದ್ದು ತಮ್ಮಾ,

ಹೇಗಿದ್ದೀಯ? ಮಂಡಿಯ ಊತ ಇಳಿಯಿತೇ? ದಿನಕ್ಕೆರಡು ಸಲ ಐಸ್ ಇಡು ಅಂದಿದ್ದೆ, ನೀನು ಎರಡು ದಿನಕ್ಕೊಂದು ಸಲವೂ ಇಟ್ಟಿರಲಾರೆ. ಊಟ ಹೊತ್ತಿಗೆ ಸರಿಯಾಗಿ ಮಾಡುತ್ತಿದ್ದೀಯಾ? ಹೋದ ವಾರ ಫೋನಿನಲ್ಲಿ ನೋಡಿದಾಗ ಕೆನ್ನೆ ಒಳಗೆ ಹೋದ ಹಾಗಿತ್ತು. ಗಡ್ಡ ಬೋಳಿಸಿದ್ದರಿಂದ ಹಾಗೆ ಕಾಣುತ್ತದೆ ಅಂತ ನೀನಂದೆ. ನಿನ್ನ ಮುಖವನ್ನು ಹಾಲುಹಲ್ಲಿನಿಂದ ನೋಡಿದವಳು ನಾನು, ಗಡ್ಡದ ಕಥೆ ನನ್ನ ಹತ್ತಿರ ನಡೆಯುವುದಿಲ್ಲ. ಅಲ್ಲಿ ಚಳಿ ಶುರುವಾಗಿರಬೇಕು. ಅಭ್ಯಾಸ ಮುಗಿದ ಕೂಡಲೇ ಒದ್ದೆ ಅಂಗಿ ಬದಲಾಯಿಸು, ಬೆವರಿನಲ್ಲೇ ನಿಂತು ಹರಟಬೇಡ.

ವಾರಕ್ಕೆರಡು ಸಲ ಫೋನಿನಲ್ಲಿ ಮುಖ ನೋಡುವ ಅಕ್ಕ ಈಗ ಯಾಕೆ ಕಾಗದ ಹಿಡಿದಳು ಅಂತ ನಿನಗೆ ಅನ್ನಿಸಬಹುದು. ಫೋನಿನಲ್ಲಿ ನೀನು ನಗುತ್ತೀಯ, ನಾನೂ ನಗುತ್ತೇನೆ, ಹೇಳಬೇಕಾದ್ದು ಹಾಗೇ ಉಳಿದುಬಿಡುತ್ತದೆ. ಮೂರು ವಾರದಿಂದ ಹೀಗೇ ನಡೆದಿದೆ. ಅದಕ್ಕೇ ಇದನ್ನು ಕೈಯಲ್ಲಿ ಬರೆದು, ಹಾಳೆಗಳ ಫೋಟೊ ತೆಗೆದು ಕಳಿಸುತ್ತೇನೆ. ಅಂಚೆಗೆ ಹಾಕಿದರೆ ನಿನಗೆ ಮುಟ್ಟುವಷ್ಟರಲ್ಲಿ ಎಲ್ಲವೂ ಮುಗಿದುಹೋಗಿರುತ್ತದೆ. ನನ್ನ ಕಾಗೆಕಾಲು ಗುಬ್ಬಿಕಾಲು ಅಕ್ಷರ ನಿನಗೆ ಅಭ್ಯಾಸವಿದೆ, ದೊಡ್ಡದು ಮಾಡಿಕೊಂಡು ಓದು.

ಮೊದಲು ನನಗೆ ಒಪ್ಪಿಸಿದ ಕೆಲಸ ಮುಗಿಸಿಬಿಡುತ್ತೇನೆ. ಸೋಮವಾರ ರಗ್ಬಿ ಸಂಘದ ಕಾರ್ಯದರ್ಶಿ ನಮ್ಮ ಮನೆಗೆ ಬಂದಿದ್ದರು. ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತಾ, ಕಾಫಿ ಬೇಡ ಅನ್ನುತ್ತಲೇ ಎರಡು ಲೋಟ ಕುಡಿದರು. ಐದು ವಾರದ ಮೇಲೆ ಅರ್ಹತೆಯ ಕೊನೆಯ ಪಂದ್ಯ, ಅದನ್ನು ಗೆದ್ದರೆ ನಮ್ಮ ದೇಶ ಮೊದಲ ಸಲ ವಿಶ್ವಕಪ್ಪಿಗೆ ಹೋಗುತ್ತದೆ ಅನ್ನುವುದು ನಿನಗೆ ಗೊತ್ತೇ ಇದೆ. ನಮ್ಮ ಹತ್ತನೇ ನಂಬರಿನವನು ತೊಡೆಯ ಸ್ನಾಯು ಹರಿದುಕೊಂಡು ಮಲಗಿದ್ದಾನೆ. ಗೋಲಿಗೆ ಗುರಿಯಿಟ್ಟು ಒದೆಯುವವನು ಬೇರೆ ಯಾರೂ ಇಲ್ಲ. ಆದ್ದರಿಂದ ನೀನು ಬರಬೇಕು. "ಅಕ್ಕ ಹೇಳಿದ್ರೆ ತಮ್ಮ ಇಲ್ಲ ಅನ್ನಲ್ಲ, ಮೂರೇ ಸಾಲು ಬರೆದು ಹಾಕಿ" ಅಂದರು. ಬರುವ ಮಾರ್ಚಿಗೆ ನೀನು ಆ ದೇಶದಲ್ಲಿ ಐದು ವರ್ಷ ಪೂರೈಸಿ ಅವರ ಪರ ಆಡಲು ಅರ್ಹನಾಗುತ್ತೀಯ, ಅವರ ಆಯ್ಕೆದಾರರ ಕಣ್ಣು ನಿನ್ನ ಮೇಲಿದೆ, ಒಂದೇ ಒಂದು ಸಲ ನಮ್ಮ ಜೆರ್ಸಿ ಹಾಕಿದರೂ ಅವರ ಜೆರ್ಸಿಯ ಬಾಗಿಲು ಮುಚ್ಚುತ್ತದೆ ಅನ್ನುವುದನ್ನು ಅವರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಈ ವಿಷಯ ಎತ್ತಿದಾಗಲೆಲ್ಲ ನೀನು "ನೋಡೋಣ ಅಕ್ಕ" ಅನ್ನುತ್ತೀಯ. ಚಿಕ್ಕವನಿದ್ದಾಗ ಹಲ್ಲಿನ ಡಾಕ್ಟರ ಹತ್ತಿರ ಹೋಗೋಣವೇ ಅಂದರೂ ಹೀಗೇ ಅನ್ನುತ್ತಿದ್ದೆ. ಇರಲಿ, ಮೂರು ಸಾಲಾಯಿತು. ಇನ್ನು ನನ್ನದು.

ಮೂರು ವಾರದ ಹಿಂದೆ ಅರ್ಹತೆಯ ಪಂದ್ಯ ಗೆದ್ದೆವಲ್ಲ, ಆ ಗೆಲುವಿನ ಮೇಲೆ ಇಲ್ಲಿ ಎಲ್ಲವೂ ಬದಲಾಗಿದೆ. ಮೊದಲೆಲ್ಲ ನಿನ್ನ ಭಾವ ಮೂಗು ಒಡೆದುಕೊಂಡು ಬಸ್ಸು ಹತ್ತಿದರೆ ಜನ ಕುಡುಕ ಅಂದುಕೊಂಡು ಪಕ್ಕದ ಸೀಟು ಬಿಟ್ಟು ಏಳುತ್ತಿದ್ದರು. ಈಗ ಕಂಡಕ್ಟರು ಸೀಟು ಬಿಡಿಸಿ ಕೂರಿಸುತ್ತಾನಂತೆ. ಕೆಳಗಿನ ಮನೆಯ ಅಜ್ಜಿ ಇಪ್ಪತ್ತು ವರ್ಷ ಈ ಆಟವನ್ನು 'ಆ ಗುದ್ದಾಟ' ಅನ್ನುತ್ತಿದ್ದವರು, ಈಗ ಮೆಟ್ಟಿಲಲ್ಲಿ ನನ್ನನ್ನು ನಿಲ್ಲಿಸಿಕೊಂಡು, ಚೆಂಡನ್ನು ಹಿಂದಕ್ಕೆ ಎಸೆಯುತ್ತಾ ಮುಂದಕ್ಕೆ ಹೋಗುವುದು ಹೇಗೆ ಅಂತ ನನಗೇ ಪಾಠ ಹೇಳುತ್ತಾರೆ. ಪತ್ರಿಕೆಗಳಲ್ಲಿ ದಿನಾ ಭವಿಷ್ಯದ ಮಾತು. ನಮಗೂ ಒಂದು ಸ್ವಂತ ಮೈದಾನ ಬರುತ್ತದಂತೆ, ಶಾಲೆಗಳಲ್ಲಿ ಆಟ ಶುರುವಾಗುತ್ತದಂತೆ, ದೊಡ್ಡ ದೇಶಗಳು ನಮ್ಮಲ್ಲಿಗೂ ಆಡಲು ಬರುತ್ತವಂತೆ. ನಮ್ಮನ್ನು 'ಬೆಳೆಯುತ್ತಿರುವ ರಗ್ಬಿ ರಾಷ್ಟ್ರ' ಅಂತ ಕರೆಯಲು ಶುರುಮಾಡಿ ಇಪ್ಪತ್ತೆರಡು ವರ್ಷವಾಯಿತು ಅಂತ ನಮ್ಮ ಕೋಚ್ ಮೇಷ್ಟ್ರು ಹೇಳುತ್ತಿರುತ್ತಾರಲ್ಲ, "ಮಗು ಇಪ್ಪತ್ತೆರಡು ವರ್ಷ ಬರೀ ಬೆಳೀತಾನೇ ಇದ್ರೆ ಡಾಕ್ಟರ ಹತ್ರ ಕರ್ಕೊಂಡು ಹೋಗ್ತಾರೆ" ಅಂತ. ಅವರು ವ್ಯಾಯಾಮದ ಮೇಷ್ಟ್ರ ಕೆಲಸದಿಂದ ನಿವೃತ್ತರಾದ ಮೇಲೆ ತಂಡವೇ ಅವರ ಮನೆ. ಸ್ಕ್ರಮ್ ಅಭ್ಯಾಸಕ್ಕೆ ಗಾಡಿ ಇಲ್ಲ ಅಂದಾಗ ನಿನ್ನ ಭಾವ ತಮ್ಮ ಲಿಫ್ಟು ರಿಪೇರಿಯ ಕೆಲಸದಲ್ಲಿ ಸಿಕ್ಕ ಹಳೆಯ ಲಿಫ್ಟುಗಳ ಕಂಬಿ, ತೂಕದ ಕಬ್ಬಿಣ ಎಲ್ಲ ತಂದು ಬೆಸುಗೆ ಹಾಕಿಕೊಟ್ಟಿದ್ದು ನೆನಪಿದೆಯಾ? ಎಂಟೆಂಟು ಜನ ತಲೆ ತಗ್ಗಿಸಿ, ಭುಜಕ್ಕೆ ಭುಜ ಕೊಟ್ಟು ತಳ್ಳುವುದನ್ನು ನಮ್ಮ ಹುಡುಗರು ಕಲಿತದ್ದು ಆ ಗಾಡಿಯ ಮೇಲೇ. ಈಗ ಅದರ ಫೋಟೊ ಕೂಡ ಪತ್ರಿಕೆಯಲ್ಲಿ ಬಂದಿದೆ. ಇದನ್ನೆಲ್ಲ ಯಾಕೆ ಬರೆಯುತ್ತಿದ್ದೇನೆ ಅಂದರೆ, ಮುಂದೆ ಬರೆಯುವುದನ್ನು ಓದಿ ಅಕ್ಕನಿಗೆ ಇದರ ಬೆಲೆ ಗೊತ್ತಿರಲಿಲ್ಲ ಅಂತ ನೀನು ಅಂದುಕೊಳ್ಳಬಾರದು.

ಆ ಪಂದ್ಯವನ್ನು ನೀನು ಫೋನಿನಲ್ಲಿ ನೋಡಿದ್ದೀಯ. ನಿನ್ನ ಭಾವ ಎದುರಾಳಿಯ ಕಾಲಿಗೆ ಬಿದ್ದು ಹಿಡಿಯಲು ಹೋದಾಗ ಅವನ ಮಂಡಿ ಇವರ ಕಿವಿಯ ಮೇಲ್ಗಡೆ ತಗುಲಿತು. ಪರದೆಯ ಮೇಲೆ ಅದು ಅಷ್ಟಾಗಿ ಕಾಣುವುದಿಲ್ಲ. ತಂಡದ ಫಿಸಿಯೋ ಆಗಿ ಗೆರೆಯ ಪಕ್ಕ ನಿಂತಿದ್ದ ನನಗೆ ಸದ್ದು ಕೇಳಿಸಿತು. ಓಡಿದೆ. ಎದ್ದು ಕೂತಿದ್ದರು, ನನ್ನನ್ನು ನೋಡಿದರು, ಆದರೆ ಕಣ್ಣು ನನ್ನ ಮುಖಕ್ಕೆ ಬಂದು ಸೇರುವುದು ಒಂದು ಗಳಿಗೆ ತಡವಾಯಿತು. ತಲೆಗೆ ಪೆಟ್ಟು ಬಿದ್ದವರು ಪರೀಕ್ಷೆಯಲ್ಲಿ ಪಾಸಾದರೆ ಮಾತ್ರ ಮತ್ತೆ ಆಡಬಹುದು ಅನ್ನುವ ನಿಯಮದಂತೆ ಹೊರಗೆ ಕರೆತಂದೆ. ಅವರ ಬದಲು ಇಳಿದವನಿಂದ ಸ್ಕ್ರಮ್ ನಿಲ್ಲಲಿಲ್ಲ. ಎರಡು ಸಲ ಕುಸಿಯಿತು, ನಾವು ನಾಲ್ಕು ಅಂಕ ಹಿಂದೆ ಬಿದ್ದೆವು. ಅದೇ ಹೊತ್ತಿಗೆ ಎದುರು ತಂಡದವನೊಬ್ಬನ ಕಾಲು ಮುರಿಯಿತು. ಪಂದ್ಯದ ಡಾಕ್ಟರು ಅವನನ್ನು ಬಿಟ್ಟು ಬರುವ ಹಾಗಿರಲಿಲ್ಲ. ದೂರದಿಂದಲೇ ಕೂಗಿದರು, "ನೀವೇ ಪರೀಕ್ಷೆ ಮಾಡಿ ಫಾರಂ ತುಂಬಿ, ನಾನು ಬಂದು ಸಹಿ ಹಾಕ್ತೀನಿ."

ಗಂಡನ ತಲೆಯನ್ನು ಹೆಂಡತಿ ಪರೀಕ್ಷೆ ಮಾಡಬಾರದು ಅಂತ ನಮ್ಮ ಸಂಘದ ಯಾವ ಪುಸ್ತಕದಲ್ಲೂ ಬರೆದಿಲ್ಲ. ನಮ್ಮಂಥ ಸಣ್ಣ ತಂಡದಲ್ಲಿ ಎಲ್ಲರೂ ಎಲ್ಲರಿಗೂ ಏನೋ ಒಂದು ಆಗಿರುತ್ತಾರೆ. ಬಟ್ಟೆ ಬದಲಾಯಿಸುವ ಕೋಣೆಯ ಪಕ್ಕದಲ್ಲಿ ಒಂದು ಪುಟ್ಟ ಕೋಣೆಯಿದೆ, ಬಲೆ, ಚೆಂಡು, ಸುಣ್ಣದ ಡಬ್ಬಿ ಇಡುವುದು. ಅಲ್ಲಿ ಒಂದು ಬೆಂಚಿನ ಮೇಲೆ ಕೂರಿಸಿದೆ. ನೆಟ್ಟಗೆ ನಡೆಯಿರಿ ಅಂದೆ, ನಡೆದರು, ಕೊನೆಯ ಹೆಜ್ಜೆಯಲ್ಲಿ ಗೋಡೆ ಹಿಡಿದರು. ಐದು ಪದ ಹೇಳಿ, ಸ್ವಲ್ಪ ಹೊತ್ತು ಬೇರೆ ಏನೋ ಕೇಳಿ, ಆಮೇಲೆ ಆ ಐದನ್ನೂ ವಾಪಸ್ ಹೇಳಿಸಬೇಕು. ಸೇಬು, ಕಂಬಳಿ, ಕುದುರೆ, ಕಿಟಕಿ, ಉಪ್ಪು ಅಂದಿದ್ದೆ. ಸೇಬು ಬಂತು, ಕಂಬಳಿ ಬಂತು, ಉಪ್ಪು ಬಂತು. ಆಮೇಲೆ "ಏಣಿ" ಅಂದರು. ಏಣಿ ನನ್ನ ಪಟ್ಟಿಯಲ್ಲೇ ಇರಲಿಲ್ಲ. ಇನ್ನೊಂದು ಅಂದೆ. ತುಂಬ ಹೊತ್ತು ನೆಲ ನೋಡಿ, ನಕ್ಕು, "ನಿಂಗೆ ಗೊತ್ತಲ್ಲ, ಬರ್ಕೋ" ಅಂದರು.

ನಾನು ಐದಕ್ಕೆ ಐದು ಅಂತ ಬರೆದೆ ಕಣೋ.

ಬಾಗಿಲ ಹತ್ತಿರ ಮೇಷ್ಟ್ರು "ಆಯ್ತಾ?" ಅಂತ ಕೇಳಿದ್ದು ನಿಜ. ನಿನ್ನ ಭಾವ ನನ್ನ ಮಣಿಕಟ್ಟು ಹಿಡಿದು, ನಂಗೆ ಮೂವತ್ತನಾಲ್ಕು ವರ್ಷ ಆಯ್ತು, ಇನ್ನೊಂದು ಸಲ ಈ ಅವಕಾಶ ಬರಲ್ಲ ಅಂದಿದ್ದೂ ನಿಜ. ಆದರೆ ಬೇರೆಯವರು ಒತ್ತಾಯ ಮಾಡಿದರು ಅಂತ ನಿನಗೆ ಬರೆದರೆ ಅದು ಎರಡನೇ ಸುಳ್ಳಾಗುತ್ತದೆ. ನನಗೂ ಗೆಲ್ಲಬೇಕಿತ್ತು. ಹನ್ನೊಂದು ವರ್ಷ ಈ ತಂಡದವರ ಭುಜ, ಪಕ್ಕೆಲುಬು, ಬೆರಳು ಕಟ್ಟಿಕೊಂಡು ಬಂದಿದ್ದೇನೆ. ಸೋತು ಬಂದವರ ಗಾಯಕ್ಕೆ ಬಟ್ಟೆ ಸುತ್ತುವುದು ಸಾಕಾಗಿತ್ತು. ಒಂದು ಸಲ ಗೆದ್ದವರ ಗಾಯಕ್ಕೆ ಸುತ್ತಬೇಕು ಅನ್ನಿಸಿತ್ತು. ಡಾಕ್ಟರು ಓಡಿಬಂದು ನನ್ನ ಅಂಕಿ ನೋಡಿದರು, ನನ್ನ ಮುಖ ನೋಡಿದರು, ಸಹಿ ಹಾಕಿದರು. ನಿನ್ನ ಭಾವ ಮತ್ತೆ ಮೈದಾನಕ್ಕೆ ಇಳಿದಾಗ ಆಟಕ್ಕೆ ಇನ್ನು ಹದಿನಾಲ್ಕು ನಿಮಿಷ ಬಾಕಿಯಿತ್ತು.

ಮಿಕ್ಕದ್ದನ್ನು ನೀನೇ ನೋಡಿದ್ದೀಯ. ಕೊನೆಯ ಸ್ಕ್ರಮ್, ನಮ್ಮ ಎಂಟು ಜನ ಅವರ ಎಂಟು ಜನರನ್ನು ಗೆರೆಯಾಚೆಗೆ ತಳ್ಳಿಕೊಂಡು ಹೋಗಿ ಗೆದ್ದದ್ದು, ಅದರ ನಡುವೆ ತಲೆಗೆ ಪಟ್ಟಿ ಕಟ್ಟಿಕೊಂಡ ಇವರು. ಆ ಫೋಟೊವನ್ನು ಎಲ್ಲ ಕಡೆ ಅಂಟಿಸಿದ್ದಾರೆ. ಕೆಳಗೆ 'ಬಿದ್ದರೂ ಎದ್ದ ಬಂಡೆ' ಅಂತ ಬರೆದಿದ್ದಾರೆ. ತಂಡದವರು ಪ್ರೀತಿಗೆ ಬಂಡೆ ಅನ್ನುತ್ತಿದ್ದದ್ದು ಈಗ ಊರಿಗೆಲ್ಲ ಹೆಸರಾಗಿಬಿಟ್ಟಿದೆ. ಆಮೇಲೆ ಆ ವಿಡಿಯೊವನ್ನು ನಾನು ಒಬ್ಬಳೇ ಕೂತು ನೋಡಿದೆ. ಆ ಹದಿನಾಲ್ಕು ನಿಮಿಷದಲ್ಲಿ ಇವರ ತಲೆಗೆ ಇನ್ನೂ ಹನ್ನೊಂದು ಸಲ ಪೆಟ್ಟು ಬಿದ್ದಿದೆ. ಸಣ್ಣವು, ದೊಡ್ಡವು, ಎಲ್ಲ ಸೇರಿ ಹನ್ನೊಂದು.

ಭಾವ ವಿಶ್ರಾಂತಿಯಲ್ಲಿದ್ದಾರೆ, ಭುಜ ಸ್ವಲ್ಪ ಹಿಡಿದುಕೊಂಡಿದೆ ಅಂತ ನಿನಗೆ ಫೋನಿನಲ್ಲಿ ಹೇಳಿದೆನಲ್ಲ, ಭುಜಕ್ಕೆ ಏನೂ ಆಗಿಲ್ಲ. ಐದನೇ ದಿನ ಹಟ ಮಾಡಿ ಕೆಲಸಕ್ಕೆ ಹೋದರು. ಒಂದು ಆಸ್ಪತ್ರೆಯ ಲಿಫ್ಟು ಕೆಟ್ಟಿತ್ತಂತೆ. ಪೆಟ್ಟಿಗೆ ಬಿಚ್ಚಿ, ತಂತಿಗಳನ್ನು ನೋಡುತ್ತಾ ಅರ್ಧ ಗಂಟೆ ಹಾಗೇ ನಿಂತುಬಿಟ್ಟಿದ್ದಾರೆ. ಹದಿನಾರು ವರ್ಷದಿಂದ ಕಣ್ಣು ಮುಚ್ಚಿ ಮಾಡುತ್ತಿದ್ದ ಕೆಲಸ ಅದು. ಜೊತೆಯವನು ಒಳ್ಳೆಯವನು, ಯಾರಿಗೂ ಹೇಳದೆ ತಾನೇ ರಿಪೇರಿ ಮಾಡಿ, ಇವರನ್ನು ಮನೆಗೆ ತಂದು ಬಿಟ್ಟ. ಅವತ್ತಿನಿಂದ ಮಲಗುವ ಕೋಣೆಯ ಪರದೆ ಎಳೆದೇ ಇದೆ. ಬೆಳಕು ಆಗುವುದಿಲ್ಲ. ಪಾತ್ರೆಯ ಸದ್ದು ಆಗುವುದಿಲ್ಲ. ನಮ್ಮ ಪುಟ್ಟಿಗೆ ಆರು ವರ್ಷ, ಆರು ವರ್ಷದ ಮಗು ಹೇಗೆ ಸದ್ದು ಮಾಡುತ್ತದೆ ನಿನಗೆ ಗೊತ್ತಲ್ಲ. ಈಗ ಅವಳು ಬೊಂಬೆಗಳನ್ನು ಬೈಯುವುದೂ ಪಿಸುಮಾತಿನಲ್ಲೇ. ಯಾರೂ ಹೇಳಿಕೊಟ್ಟಿದ್ದಲ್ಲ. ನರಗಳ ಡಾಕ್ಟರು ತಲೆಯ ಸ್ಕ್ಯಾನ್ ತೆಗೆಸಿ ನೋಡಿದರು, ಒಳಗೆ ರಕ್ತ ಹೆಪ್ಪುಗಟ್ಟಿಲ್ಲ, ಅಷ್ಟು ನಮ್ಮ ಪುಣ್ಯ. ಮೂರು ತಿಂಗಳೋ ಆರು ತಿಂಗಳೋ, ಕಾಯಬೇಕು ಅಂದರು. ಇನ್ನು ಆಟದ ಮಾತು ಎತ್ತಬೇಡಿ ಅಂತಲೂ ಅಂದರು. ಪೆಟ್ಟು ಬಿದ್ದ ಕೂಡಲೇ ಹೊರಗೆ ಕೂರಿಸಿದ್ದರೆ ಇಷ್ಟು ಆಗುತ್ತಿತ್ತಾ ಅಂತ ಕೇಳಿದೆ. ಅವರು ನನ್ನ ಕಡೆ ನೋಡದೆ ಚೀಟಿ ಬರೆಯುತ್ತಾ ಇದ್ದರು.

ಇದಕ್ಕಿಂತ ಕಷ್ಟದ್ದು ಇನ್ನೊಂದಿದೆ. ಆ ಕೊನೆಯ ಹದಿನಾಲ್ಕು ನಿಮಿಷ ಇವರಿಗೆ ನೆನಪೇ ಇಲ್ಲ. ಜೀವಮಾನದ ಆಟ ಆಡಿದ್ದಾರೆ, ಅದು ತಲೆಯಲ್ಲಿ ಉಳಿದಿಲ್ಲ. ಸ್ವಲ್ಪ ಹಾಯಾಗಿದ್ದ ದಿನ ವಿಡಿಯೊ ಹಾಕು ಅಂದರು, ಸದ್ದು ತೆಗೆದು ಹಾಕಿದೆ. ಯಾರದೋ ಮದುವೆಯ ವಿಡಿಯೊ ನೋಡುವ ಹಾಗೆ ನೋಡಿದರು. "ಚೆನ್ನಾಗಿ ತಳ್ಳಿದಾನೆ" ಅಂದರು, ತಮ್ಮನ್ನೇ.

ಬುಧವಾರ ಮೇಷ್ಟ್ರು ಬಂದರು. ನಾನು ಅಡುಗೆಮನೆಯಲ್ಲಿ ಕೂರಿಸಿ, ಬಾಗಿಲು ಹಾಕಿ, ಎಲ್ಲ ಹೇಳಿಬಿಟ್ಟೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಕನ್ನಡಕ ತೆಗೆದು ಒರೆಸುತ್ತಾ, "ನಂಗೆ ಗೊತ್ತಮ್ಮ. ಏಣಿ ಅಂದಿದ್ದು ಬಾಗಿಲಾಚೆ ನಂಗೂ ಕೇಳಿಸ್ತು" ಅಂದರು. ಕನ್ನಡಕ ಮತ್ತೆ ಹಾಕಿಕೊಂಡರು. ಆಮೇಲೆ ಅವರು ನಿಧಾನವಾಗಿ ಲೆಕ್ಕ ಒಪ್ಪಿಸಿದರು. ಈಗ ಹೇಳಿದರೆ ಗೆಲುವು ರದ್ದಾಗಬಹುದು, ತಂಡವನ್ನು ಹೊರಗೆ ಹಾಕಬಹುದು, ನನ್ನ ಪರವಾನಗಿ ಹೋಗುತ್ತದೆ, ಆ ಡಾಕ್ಟರದೂ ಹೋಗುತ್ತದೆ. ನಲವತ್ತು ಹುಡುಗರು ಮುಂಜಾನೆ ಕೆಲಸಕ್ಕೆ ಹೋಗುವ ಮುಂಚೆ ಬಂದು ಮೈ ಮುರಿದು ಅಭ್ಯಾಸ ಮಾಡಿದ್ದಾರೆ, ಅವರದೇನು ತಪ್ಪು? "ಐದು ವಾರ ಸುಮ್ನಿರು. ಆಟ ಮುಗಿದ ಮಾರನೇ ದಿನ ನಾನೂ ನೀನೂ ಇಬ್ರೂ ಹೋಗಿ ಹೇಳೋಣ." ಅವರು ಕೆಟ್ಟವರಲ್ಲ, ತಮ್ಮಾ. ನಿನ್ನ ಕಾಲಿಗೆ ಮೊದಲ ಬೂಟು ಹಾಕಿದವರು ಅವರು. ನಾನು ಹೂಂ ಅಂದೆ. ಅಂದಾಗ ನನಗೆ ನಿಜವಾಗಿಯೂ ಹಾಯೆನಿಸಿತು, ಅದನ್ನೂ ನಿನ್ನಿಂದ ಮುಚ್ಚಿಡುವುದಿಲ್ಲ.

ಆ ಹೂಂ ಒಂದು ದಿನ ಉಳಿಯಿತು. ಗುರುವಾರ ಸಂಜೆ ಹೆಂಗಸರ ತಂಡದ ಅಭ್ಯಾಸ. ಅಲ್ಲಿ ಬೇಕರಿಯಲ್ಲಿ ಕೆಲಸ ಮಾಡುವ ಒಬ್ಬಳಿದ್ದಾಳೆ, ನೀನು ನೋಡಿಲ್ಲ, ನೀನು ಹೋದ ಮೇಲೆ ಸೇರಿದ್ದು. ಇಪ್ಪತ್ತೊಂದು ವರ್ಷ, ಕೈ ತುಂಬ ಒಲೆ ಸುಟ್ಟ ಗೆರೆಗಳು, ಓಡಿದರೆ ಗಂಡಸರ ತಂಡದಲ್ಲೂ ಇಬ್ಬರೋ ಮೂವರೋ ಹಿಡಿಯಬಹುದು, ಅಷ್ಟೆ. ಅವತ್ತು ಎದುರಿನವಳನ್ನು ಹಿಡಿಯಲು ಹೋಗಿ ಅವಳ ತಲೆ ನೆಲಕ್ಕೆ ಬಡಿಯಿತು. ಎದ್ದಳು, ನಗುತ್ತಾ ಸಾಲಿಗೆ ಸೇರಿಕೊಂಡಳು. ನಾನು ಕರೆದು ಇವತ್ತು ಯಾವ ವಾರ ಅಂದೆ. ಸ್ವಲ್ಪ ಯೋಚಿಸಿ, ಮಂಗಳವಾರ ಅಂದಳು. ಬಾ, ಕೂತುಕೋ, ಇವತ್ತಿಗೆ ಆಟ ಮುಗೀತು ಅಂದೆ. ಅವಳು ಕೂರಲಿಲ್ಲ. ಬಟ್ಟೆ ಬದಲಾಯಿಸುವ ಕೋಣೆಯ ಗೋಡೆಗೆ ಅಂಟಿಸಿದ್ದ ಆ ಫೋಟೊದ ಕಡೆ ಕೈ ತೋರಿಸಿ, ನನ್ನನ್ನು ದಿಟ್ಟಿಸಿ ನೋಡಿ, "ಬಂಡೆ ಅಣ್ಣ ಮತ್ತೆ ಹೋಗ್ಲಿಲ್ವಾ ಅಕ್ಕ? ನಮ್ಮನ್ನ ಮಾತ್ರ ಯಾಕೆ ಕೂರಿಸ್ತೀರಾ? ಹೆಂಗಸ್ರು ಅಂತಾನಾ?" ಅಂದಳು.

ತೋಳು ಹಿಡಿದು ಎಳೆದುಕೊಂಡು ಬಂದು ಕೂರಿಸಿದೆ, ತಲೆಗೆ ಐಸ್ ಇಟ್ಟೆ, ಆಸ್ಪತ್ರೆಗೆ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ನನ್ನನ್ನು ಬೈಯುತ್ತಲೇ ಇದ್ದಳು, ಹೊರರೋಗಿಗಳ ಸಾಲಿನಲ್ಲಿ ಕೂತು ಕೂಡ. ಅವಳಿಗೆ ಏನೂ ದೊಡ್ಡದಾಗಿಲ್ಲ, ಎರಡು ವಾರದಲ್ಲಿ ಸರಿಹೋಗುತ್ತಾಳೆ. ಆದರೆ ಆ ಸಾಲಿನಲ್ಲಿ ಕೂತಾಗ ಒಂದು ವಿಷಯ ಹೊಳೆಯಿತು. ಮೈದಾನ ಬರುತ್ತದೆ, ಶಾಲೆಗಳಲ್ಲಿ ಆಟ ಬರುತ್ತದೆ ಅನ್ನುತ್ತಾರಲ್ಲ, ಬರಲಿ. ಅಲ್ಲಿಗೆ ಬರುವ ಮಕ್ಕಳೆಲ್ಲ ಆ ಫೋಟೊ ನೋಡಿಕೊಂಡೇ ಬರುತ್ತಾರೆ. ಅವರು ಕಲಿಯುವ ಮೊದಲ ಪಾಠ ನಾನು ಬರೆದ ಆ ಸುಳ್ಳು ಅಂಕಿ. ಐದು ವಾರ ಕಾದರೆ ಆ ಪಾಠ ಇನ್ನಷ್ಟು ಗಟ್ಟಿಯಾಗುತ್ತದೆ. ಗೆದ್ದುಬಿಟ್ಟರಂತೂ ಆಮೇಲೆ ಯಾರೂ ಬಾಯಿ ಬಿಡುವುದಿಲ್ಲ, ನಾನೂ ಬಿಡುವುದಿಲ್ಲ. ನನ್ನನ್ನು ನಾನು ಬಲ್ಲೆ.

ಶುಕ್ರವಾರ ಮಧ್ಯಾಹ್ನ, ಪುಟ್ಟಿ ಶಾಲೆಯಲ್ಲಿದ್ದಾಗ, ನಿನ್ನ ಭಾವನಿಗೆ ಹೇಳಿದೆ. ಕತ್ತಲೆ ಕೋಣೆಯಲ್ಲಿ ಅವರ ಮುಖ ಕಾಣಿಸುತ್ತಿರಲಿಲ್ಲ, ಅದೇ ಒಳ್ಳೆಯದಾಯಿತು. ಪದಗಳನ್ನೆಲ್ಲ ಹೇಳಿದೆ, ಗೋಡೆ ಹಿಡಿದದ್ದು ಹೇಳಿದೆ, ಬರೆದದ್ದು ಹೇಳಿದೆ. ಎಲ್ಲ ಕೇಳಿ, ಸ್ಕ್ರಮ್ ನಾವು ತಳ್ಳಿದ್ದು ಮಾತ್ರ ನಿಜ ತಾನೇ ಅಂತ ಕೇಳಿದರು. ನಿಜ ಅಂದೆ. ಗೋಡೆಯ ಕಡೆ ಮಗ್ಗುಲಾದರು. ಮಲಗಿಬಿಟ್ಟರು ಅಂದುಕೊಂಡು ಏಳಲು ಹೋದೆ. ಆಗ ಅಂದರು, "ಬರ್ಕೋ ಅಂದೋನು ನಾನಲ್ವಾ? ನನ್ನ ಹೆಸ್ರೂ ಹಾಕು." ನಿಮಗೆ ಅದು ನೆನಪೇ ಇಲ್ಲವಲ್ಲ ಅಂದೆ. "ನೆನಪಿಲ್ದಿದ್ರೂ ನನ್ನ ಮಾತೇ ಅದು" ಅಂದರು.

ನಿನ್ನೆ ಬೆಳಗ್ಗೆ ಹನ್ನೊಂದಕ್ಕೆ ಅಂತರರಾಷ್ಟ್ರೀಯ ಮಂಡಳಿಯ ವೈದ್ಯಕೀಯ ವಿಭಾಗಕ್ಕೆ ಎಲ್ಲ ಬರೆದು ಕಳಿಸಿದೆ. ಏನು ಕೇಳಿದೆ, ಅವರು ಏನು ಹೇಳಿದರು, ನಾನು ಏನು ಬರೆದೆ, ಡಾಕ್ಟರು ನನ್ನ ಮಾತು ನಂಬಿ ಸಹಿ ಹಾಕಿದ್ದು, ಇಷ್ಟೆ. ಮೇಷ್ಟ್ರ ಹೆಸರು ಹಾಕಲಿಲ್ಲ, ಅದು ಅವರು ಹೇಳಿಕೊಳ್ಳಬೇಕಾದ್ದು. ಕಾರ್ಯದರ್ಶಿಗೂ ಒಂದು ಪ್ರತಿ ಕಳಿಸಿದೆ. ಹತ್ತೇ ನಿಮಿಷಕ್ಕೆ ಫೋನ್ ಬಂತು. ಬೈಯಲಿಲ್ಲ. ಇದನ್ನ ವಾಪಸ್ ತಗೊಳ್ಳೋಕಾಗತ್ತಾ ಅಂತ ಕೇಳಿದರು, ಆಗುವುದಿಲ್ಲ ಅಂದೆ. ಕೊನೆಗೆ, "ತಮ್ಮನಿಗೆ ಬರೆದ್ರಾ?" ಅಂದರು. ಪಾಪ, ಮನೆಗೆ ಬೆಂಕಿ ಬಿದ್ದಾಗ ಬಾಗಿಲಿಗೆ ಬೀಗ ಹಾಕಿದೆನಾ ಅಂತ ಯೋಚಿಸುವ ಹಾಗೆ. ಮೇಷ್ಟ್ರಿಗೆ ನಾನು ನಾಲ್ಕು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಇವತ್ತು ಬೆಳಗ್ಗೆ ಹಾಲಿಗೆ ಇಳಿದಾಗ ಕೆಳಗಿನ ಮನೆಯ ಅಜ್ಜಿ ಎಂದಿನಂತೆ ನಿಲ್ಲಿಸಿಕೊಂಡು ವಿಶ್ವಕಪ್ಪಿನ ಮಾತೆತ್ತಿದರು. ಇನ್ನೆರಡು ದಿನದಲ್ಲಿ ಅವರಿಗೂ ಗೊತ್ತಾಗುತ್ತದೆ. ಆಮೇಲೆ ಆ ಮೆಟ್ಟಿಲು ಹೇಗೆ ಹತ್ತಿ ಇಳಿಯುವುದೋ ಕಾಣೆ.

ಏನಾಗುತ್ತದೋ ನನಗೂ ತಿಳಿಯದು. ಗೆಲುವನ್ನು ಉಳಿಸಿ ನನ್ನನ್ನು ಮಾತ್ರ ತೆಗೆಯಬಹುದು, ತಂಡವನ್ನೇ ತೆಗೆಯಬಹುದು. ನಮ್ಮ ತಪ್ಪಿಗೆ ನಲವತ್ತು ಜನರ ಶ್ರಮ ಮಣ್ಣುಪಾಲಾಗಬಹುದು. ಆ ನಲವತ್ತು ಮುಖಗಳೂ ನನಗೆ ಒಂದೊಂದಾಗಿ ಗೊತ್ತು, ಯಾರ ಯಾವ ಬೆರಳು ಸೊಟ್ಟ ಅಂತ ಕೂಡ. ನೀನು ಬರಬೇಕೋ ಬೇಡವೋ ಅನ್ನುವುದನ್ನು ನಾನು ಹೇಳಲಾರೆ. ನೀನು ಬಂದು ನಮ್ಮ ಜೆರ್ಸಿ ಹಾಕಿದರೆ ನನಗೆ ಸಂತೋಷವೇ, ಅಮ್ಮನ ಆಣೆಗೂ. ಆದರೆ ಪಂದ್ಯವೇ ಇಲ್ಲದೆ ಹೋಗಬಹುದು, ಇದ್ದರೂ ನಾಲ್ಕು ಜನ ಅನುಮಾನದ ಕಣ್ಣಿನಿಂದ ನೋಡುವ ತಂಡ ಇದು, ಅದನ್ನು ತಿಳಿದುಕೊಂಡು ಸಹಿ ಹಾಕು. ಅಲ್ಲೇ ಉಳಿದರೂ ನಾನು ಮುಖ ತಿರುಗಿಸುವುದಿಲ್ಲ. ನನ್ನ ಮೇಲೆ ಸಿಟ್ಟು ಬಂದರೆ ಬರಲಿ. ಬೇರೆಯವರ ಬಾಯಿಂದ ಕೇಳುವ ಮುಂಚೆ ನನ್ನ ಕೈಬರಹದಲ್ಲಿ ಓದು ಅಂತ ಇಷ್ಟೆಲ್ಲ ಬರೆದೆ.

ಭಾವ ನಿನ್ನನ್ನು ಕೇಳಿದರು ಅಂತ ಬರಿ ಅಂದಿದ್ದಾರೆ. ಪುಟ್ಟಿ ಮಾವನಿಗೆ ಒಂದು ಚಿತ್ರ ಬರೆದಿದ್ದಾಳೆ, ಚೆಂಡೋ ಮೊಟ್ಟೆಯೋ ಅವಳಿಗೇ ಗೊತ್ತು, ಅದರ ಫೋಟೊವನ್ನೂ ಕಳಿಸುತ್ತೇನೆ. ಮೈಗೆ ಜೋಪಾನ. ಎಲ್ಲಿದ್ದರೂ, ಯಾವ ಬಣ್ಣ ತೊಟ್ಟರೂ, ನಿನ್ನ ಕಾಲು ನೆಲದ ಮೇಲೆ ಗಟ್ಟಿಯಾಗಿ ನಿಲ್ಲಲಿ.

ಇಂತು, ನಿನ್ನನ್ನು ಎತ್ತಿ ಆಡಿಸಿದ
ಅಕ್ಕ

ಮರೆಯುವ ಮುಂಚೆ: ಹಾಳೆಗಳ ಫೋಟೊ ತೆಗೆಯಲು ಫೋನ್ ಕೈಗೆತ್ತಿಕೊಂಡವಳು, ನಿನ್ನೆಯ ನಿನ್ನ ಕ್ಲಬ್ಬಿನ ಪಂದ್ಯ ಕಾಣಿಸಿತು ಅಂತ ಹಾಕಿ ನೋಡಿದೆ. ಮೂವತ್ತೊಂದನೇ ನಿಮಿಷದಲ್ಲಿ ನೀನು ಬಿದ್ದೆ. ಎದುರಾಳಿಯ ಅಂಗಿ ಹಿಡಿದುಕೊಂಡು ಎದ್ದೆ. ಆಟ ಮತ್ತೆ ಶುರುವಾಗುವಾಗ ನೀನು ಅವರ ಸಾಲಿನಲ್ಲಿ ಹೋಗಿ ನಿಂತಿದ್ದೆ, ನಿನ್ನ ತಂಡದವನೊಬ್ಬ ಭುಜ ಹಿಡಿದು ನಿನ್ನನ್ನು ತಿರುಗಿಸಿದ. ಎಲ್ಲರೂ ನಕ್ಕರು, ನೀನೂ ನಕ್ಕೆ. ಕೊನೆಯವರೆಗೂ ಆಡಿದೆ. ಈಗ ಮೂರು ಸಲ ಫೋನ್ ಮಾಡಿದೆ, ಮೂರನೇ ಸಲ ನೀನು ಎತ್ತಿ, "ಏನಿಲ್ಲ ಅಕ್ಕ, ನಿದ್ದೆ ಬರ್ತಿದೆ" ಅಂತ ಇಟ್ಟುಬಿಟ್ಟೆ. ಅಲ್ಲಿ ಈಗ ನಡುಮಧ್ಯಾಹ್ನ, ನೀನು ಹುಟ್ಟಿದಾಗಿನಿಂದ ಮಧ್ಯಾಹ್ನ ಮಲಗಿದವನಲ್ಲ. ಎರಡು ಜೆರ್ಸಿಗಳೂ ಹಾಳಾಗಿ ಹೋಗಲಿ. ನಿಮ್ಮ ಕ್ಲಬ್ಬಿನ ಡಾಕ್ಟರ ನಂಬರು ಹುಡುಕಿ ಮಾತಾಡಿದ್ದೇನೆ, ಬರುವಷ್ಟು ಹರಕುಮುರುಕು ಭಾಷೆಯಲ್ಲಿ ಎಲ್ಲ ಹೇಳಿದ್ದೇನೆ. ಅವರು ಹೊರಟಿದ್ದಾರೆ. ಬಾಗಿಲು ತಟ್ಟಿದರೆ ಎದ್ದು ತೆಗೆ.